ಹುದ್ದೆ ಹಂಚುವ ಮೊದಲು ಟೈಮರ್ ನೋಡಿ

ಸಂಪಾದಕರೇ,

ನಾವು ಕಳೆದುಕೊಂಡ ಮೊದಲ ಊರಿನ ಕಥೆಯಿಂದಲೇ ಶುರು ಮಾಡುತ್ತೇನೆ. ಊರು ಅಂದರೆ ಆಟದೊಳಗಿನ ಊರು. ಸಿವಿಲೈಸೇಶನ್ 4 ಅನ್ನುವ ಸ್ಟ್ರಾಟೆಜಿ ಗೇಮ್. ಒಟ್ಟು ಐದು ತಂಡ, ಒಂದೊಂದು ತಂಡಕ್ಕೆ ಒಂದೊಂದು ದೇಶ. ನಮ್ಮ ತಂಡದಲ್ಲಿ ಹದಿನಾಲ್ಕು ಜನ. ಈ ಹದಿನಾಲ್ಕು ಜನವೂ ಸೇರಿ ಒಂದೇ ದೇಶ ಆಡಬೇಕು. ಒಂದು ಟರ್ನ್‌ಗೆ, ಅಂದರೆ ಒಂದು ಸುತ್ತು ಆಟಕ್ಕೆ, 24 ಗಂಟೆ. ಟೈಮರ್ ಮುಗಿದರೆ ಆಟ ಯಾರಿಗೂ ಕಾಯುವುದಿಲ್ಲ, ಮುಂದಿನ ಟರ್ನ್‌ಗೆ ಹೋಗಿಬಿಡುತ್ತದೆ.

41ನೇ ಟರ್ನ್‌ನಲ್ಲಿ ನಮ್ಮ ಗಡಿಯ ಊರಿನಿಂದ ಎರಡೇ ಚೌಕ ದೂರದಲ್ಲಿ ಪಕ್ಕದ ತಂಡದ ಎರಡು ರಥ ಕಾಣಿಸಿದವು. ಊರಲ್ಲಿ ಇದ್ದದ್ದು ಒಬ್ಬ ಸಾದಾ ಕಾವಲುಗಾರ. ಅವನ ಬಲ 2, ರಥದ ಬಲ 4. ಅದೇ ಊರಲ್ಲಿ ಒಬ್ಬ ಈಟಿಗಾರ ತಯಾರಾಗುತ್ತಿದ್ದ. ರಥ, ಕುದುರೆಗಳ ಎದುರು ಈಟಿಗಾರನ ಬಲ ಎರಡರಷ್ಟಾಗುತ್ತದೆ. ಅವನಿಗೆ 35 ಸುತ್ತಿಗೆ ಬೇಕು (ಸುತ್ತಿಗೆ ಅಂದರೆ ಆಟದಲ್ಲಿ ಊರಿನ ದುಡಿಮೆಯ ಲೆಕ್ಕ), ನಮ್ಮದು 8 ಆಗಿತ್ತು. ಈ ಆಟದಲ್ಲಿ ವಿಪ್ ಅಂತ ಒಂದು ದಾರಿ ಇದೆ. ಊರಿನ ಜನಸಂಖ್ಯೆಯಲ್ಲಿ ಒಂದು ಕಡಿಮೆ ಮಾಡಿಕೊಂಡರೆ 30 ಸುತ್ತಿಗೆ ತಕ್ಷಣ ಸಿಗುತ್ತದೆ. ಊರಿನ ಜನಕ್ಕೆ ಹತ್ತು ಟರ್ನ್ ಬೇಜಾರಿರುತ್ತದೆ, ಅಷ್ಟೇ. ಒಂದು ಬಟನ್ ಒತ್ತಿದ್ದರೆ ಬೆಳಗಾಗುವಷ್ಟರಲ್ಲಿ ಈಟಿಗಾರ ಬಾಗಿಲಲ್ಲಿ ನಿಂತಿರುತ್ತಿದ್ದ.

ಆ ಬಟನ್ ಯಾರೂ ಒತ್ತಲಿಲ್ಲ. ನಮ್ಮ ಒಳಾಡಳಿತ ಮಂತ್ರಿ, "ಊರು ಈಗಷ್ಟೇ ಬೆಳೆದಿದೆ, ವಿಪ್ ಬೇಡ ಅನಿಸುತ್ತೆ, ಆದರೂ ಯುದ್ಧಮಂತ್ರಿ ಹೇಳಲಿ" ಅಂತ ಬರೆದರು. ಯುದ್ಧಮಂತ್ರಿ, "ನಂಗೆ ಈಟಿಗಾರ ಬೇಕು, ಆದರೆ ಊರಿನ ಒಳಗಿನ ವಿಷಯ ನನ್ನ ಖಾತೆ ಅಲ್ಲ" ಅಂದರು. ಪ್ರಧಾನಿ, "ಹಾಗಾದರೆ ಮತಕ್ಕೆ ಹಾಕೋಣ" ಅಂದರು. ಆ ಪ್ರಧಾನಿ ನಾನೇ. ನಾವೇ ಕೂತು ಬರೆದ ಸಂವಿಧಾನದ ಪ್ರಕಾರ ಪ್ರತಿ ಮತದಾನಕ್ಕೆ 48 ಗಂಟೆ ಕೊಡಬೇಕಿತ್ತು. ಕೊಟ್ಟೆವು. ವಿಪ್ ಪರವಾಗಿ ಒಂಬತ್ತು ಮತ ಬಿದ್ದವು. ಮತ ಎಣಿಸುವ ಹೊತ್ತಿಗೆ ಊರು ಪಕ್ಕದವರ ಕೈಗೆ ಹೋಗಿ ಒಂದು ದಿನವಾಗಿತ್ತು.

ನಾನು ಈ ಪತ್ರ ಬರೆಯುತ್ತಿರುವುದು ಇದಕ್ಕೇ. ಪತ್ರಿಕೆಗಳಲ್ಲಿ ವಿಡಿಯೊ ಗೇಮ್ ಬಗ್ಗೆ ಓದುವಾಗೆಲ್ಲ ಒಂದೋ ಚಟದ ಸುದ್ದಿ, ಇಲ್ಲವೇ ದೊಡ್ಡ ಟೂರ್ನಮೆಂಟಿನ ಬಹುಮಾನದ ಸುದ್ದಿ ಕಾಣುತ್ತದೆ. ಹತ್ತಾರು ಜನ ಸೇರಿ ಒಂದು ದೇಶವನ್ನು ತಿಂಗಳುಗಟ್ಟಲೆ ನಡೆಸುವ, ಅದಕ್ಕೊಂದು ಸರ್ಕಾರ ಕಟ್ಟಿ, ಚುನಾವಣೆ ಮಾಡಿ, ಜಗಳವಾಡಿ, ರಾಜಿಯಾಗಿ ಆಡುವ ಈ ಬಗೆಯ ಆಟದ ಬಗ್ಗೆ ಯಾರಾದರೂ ನಿಧಾನವಾಗಿ ಬರೆಯಬೇಕು ಅಂತ ನನಗೆ ತುಂಬ ದಿನದಿಂದ ಅನಿಸುತ್ತಿದೆ. ಆಡಿದವರು ಇದನ್ನು ಡೆಮಾಕ್ರಸಿ ಗೇಮ್ ಅನ್ನುತ್ತಾರೆ. ಹೊಸದಾಗಿ ತಂಡ ಕಟ್ಟುವವರು ನಾವು ಮಾಡಿದ ತಪ್ಪನ್ನೇ ಮಾಡುತ್ತಾರೆ. ನಾನೇ ಮೂರು ತಂಡಗಳಲ್ಲಿ ಅದನ್ನು ನೋಡಿದ್ದೇನೆ. ಮೊದಲ ದಿನವೇ ಹುದ್ದೆ ಹಂಚಿಬಿಡುತ್ತಾರೆ. ರಾಜ, ಪ್ರಧಾನಿ, ಯುದ್ಧಮಂತ್ರಿ, ವಿದೇಶಾಂಗ, ವಿಜ್ಞಾನ, ಖಜಾನೆ, ಸಭಾಧ್ಯಕ್ಷ, ನ್ಯಾಯಾಧೀಶ. ನಿಜವಾದ ದೇಶದ ಮಂತ್ರಿಮಂಡಲ ನೋಡಿ ನಕಲು ಮಾಡುತ್ತಾರೆ. ಟೈಮರ್ ಮಾತ್ರ ಯಾರೂ ನೋಡುವುದಿಲ್ಲ.

ಆಟದ ಸರ್ಕಾರವನ್ನು ಟೈಮರ್ ಸುತ್ತ ಕಟ್ಟಬೇಕು. ಇದೊಂದೇ ಮಾತು ನನಗೆ ಹೇಳಬೇಕಾಗಿರುವುದು. ಉಳಿದದ್ದೆಲ್ಲ ಇದರ ವಿವರ.

ಒಂದು ಟರ್ನ್‌ನಲ್ಲಿ ಏನೇನು ನಿರ್ಧಾರ ಆಗಬೇಕು ಅಂತ ಯೋಚಿಸಿ ನೋಡಿ. ವರ್ಕರ್ ಯಾವ ಚೌಕದಲ್ಲಿ ರಸ್ತೆ ಹಾಕಬೇಕು, ಯಾವ ಊರು ಯಾವ ಹೊಲ ಉಳಬೇಕು, ಸುತ್ತಮುತ್ತ ನೋಡಿಕೊಂಡು ಬರುವ ಸ್ಕೌಟ್ ಯಾವ ಕಡೆ ಹೋಗಬೇಕು. ಇವು ದಿನಾ ಬರುವ ಕೆಲಸ. ಇದಕ್ಕೆ ಮತದಾನ ಇಟ್ಟರೆ ಮೂರೇ ವಾರದಲ್ಲಿ ಜನ ಸುಸ್ತಾಗುತ್ತಾರೆ. ಇನ್ನು ಕೆಲವು ನಿರ್ಧಾರ ಹತ್ತು ಹದಿನೈದು ಟರ್ನ್‌ಗೊಮ್ಮೆ ಬರುತ್ತವೆ. ಮುಂದಿನ ಊರು ಎಲ್ಲಿ, ಮುಂದೆ ಯಾವ ವಿದ್ಯೆ ಕಲಿಯಬೇಕು, ಕಂಚು ಮೊದಲೋ ಅಕ್ಷರ ಮೊದಲೋ. ಇವಕ್ಕೆ ಮಾತುಕತೆ ಬೇಕು, ಸಮಯವೂ ಇರುತ್ತದೆ. ಆಟದುದ್ದಕ್ಕೂ ಮೂರೋ ನಾಲ್ಕೋ ಸಲ ಬರುವ ನಿರ್ಧಾರಗಳೂ ಇವೆ. ಯಾರ ಜೊತೆ ಸ್ನೇಹ, ಯಾರ ಮೇಲೆ ಯುದ್ಧ, ಯಾವ ದಾರಿಯಲ್ಲಿ ಗೆಲ್ಲುವುದು. ಇವಕ್ಕೆ ಎಲ್ಲರ ಮತವೂ ಬೇಕು, ಎಷ್ಟು ಗಂಟೆ ಹಿಡಿದರೂ ಪರವಾಗಿಲ್ಲ. ನಮ್ಮ ಸಂವಿಧಾನ ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿತ್ತು. ಒಬ್ಬ ವರ್ಕರ್‌ಗೂ 48 ಗಂಟೆ, ಒಂದು ಯುದ್ಧಕ್ಕೂ 48 ಗಂಟೆ.

ಖಾತೆ ಹಂಚುವಾಗಲೂ ಇದೇ ಎಡವಟ್ಟು. ನಮ್ಮ ಈಟಿಗಾರ ಊರಿನೊಳಗೆ ತಯಾರಾಗುತ್ತಿದ್ದ, ಹಾಗಾಗಿ ಒಳಾಡಳಿತ. ರಥದ ಎದುರು ಹೋರಾಡಬೇಕು, ಹಾಗಾಗಿ ಯುದ್ಧ. ಆ ಗೆರೆ ಕಾಗದದ ಮೇಲೆ ತುಂಬ ಚೆನ್ನಾಗಿ ಕಾಣುತ್ತಿತ್ತು. ಎರಡನೇ ಆಟದಲ್ಲಿ ನಾವು ಖಾತೆ ಬಿಟ್ಟು ನೆಲವನ್ನು ಹಂಚಿಕೊಂಡೆವು. ಪೂರ್ವದ ಗಡಿ ಒಬ್ಬರದು, ಅಂದರೆ ಅಲ್ಲಿನ ಊರು, ಸೈನ್ಯ, ವರ್ಕರ್, ರಸ್ತೆ ಎಲ್ಲ ಅವರದೇ. ಪಶ್ಚಿಮ ಇನ್ನೊಬ್ಬರದು. ರಾಜಧಾನಿ ಮತ್ತೊಬ್ಬರದು. ಇಡೀ ದೇಶಕ್ಕೆ ಸೇರಿದ ವಿದ್ಯೆ, ಖಜಾನೆ, ವಿದೇಶಾಂಗ ಮಾತ್ರ ಬೇರೆಯಾಗಿ ಇಟ್ಟೆವು. ರಥ ಬಂದರೆ ಯಾರು ನೋಡಬೇಕು ಅನ್ನೋ ಪ್ರಶ್ನೆಯೇ ಹುಟ್ಟಲಿಲ್ಲ. ರಾಜ್ಯಪಾಲ, ಸಾಮಂತ, ಪಾಳೇಗಾರ ಅಂತ ಹೆಸರಿಟ್ಟುಕೊಂಡರೆ ಪಾತ್ರವಾಗಿ ಆಡುವುದಕ್ಕೂ ಇದು ಚೆನ್ನಾಗಿರುತ್ತದೆ. ಪೂರ್ವದವರು ಪೂರ್ವದ ಪರವಾಗಿ ವಾದ ಮಾಡುತ್ತಾರೆ. ಆ ಜಗಳದಲ್ಲಿ ಜೀವ ಇರುತ್ತದೆ.

ಇನ್ನು ಲಾಗಿನ್ ಆಗಿ ಟರ್ನ್ ಆಡುವ ವ್ಯಕ್ತಿ. ಎಲ್ಲರ ಮಾತು ಕೇಳಿ ಕೊನೆಗೆ ಮೌಸ್ ಹಿಡಿಯುವವರು. ನನ್ನ ಪ್ರಕಾರ ಇಡೀ ಸರ್ಕಾರದಲ್ಲಿ ಇದೇ ದೊಡ್ಡ ಹುದ್ದೆ, ಆದರೆ ಹೆಚ್ಚಿನ ತಂಡಗಳು ಇದನ್ನು ಗುಮಾಸ್ತೆ ಕೆಲಸ ಅಂದುಕೊಂಡಿರುತ್ತವೆ. ಮಂತ್ರಿಗಳು "ಸ್ಕೌಟ್ ಉತ್ತರಕ್ಕೆ ಹೋಗಲಿ" ಅಂತ ಬರೆದಿರುತ್ತಾರೆ. ಟರ್ನ್ ಆಡುವವರು ಲಾಗಿನ್ ಆಗಿ ನೋಡಿದರೆ ಉತ್ತರದಲ್ಲಿ ಕರಡಿ ನಿಂತಿರುತ್ತದೆ. ಈಗ ಆದೇಶ ಪಾಲಿಸಬೇಕೋ, ಸ್ಕೌಟ್ ಜೀವ ಉಳಿಸಬೇಕೋ? ಇದಕ್ಕೆ ಉತ್ತರ ಮೊದಲೇ ಬರೆದಿಟ್ಟಿರಬೇಕು. ನಾವು ಹೀಗೆ ಬರೆದುಕೊಂಡೆವು: ಆದೇಶ ಬರೆಯುವವರು ಉದ್ದೇಶವನ್ನೂ ಒಂದು ಸಾಲಲ್ಲಿ ಬರೆಯಬೇಕು. "ಸ್ಕೌಟ್ ಉತ್ತರಕ್ಕೆ, ಸಮುದ್ರ ಇದೆಯಾ ನೋಡೋಕೆ." ಪರಿಸ್ಥಿತಿ ಬದಲಾಗಿದ್ದರೆ ಟರ್ನ್ ಆಡುವವರು ಉದ್ದೇಶಕ್ಕೆ ತಕ್ಕಂತೆ ಮಾಡಬಹುದು, ಆಮೇಲೆ ಏನು ಮಾಡಿದೆ, ಯಾಕೆ ಅಂತ ವರದಿ ಹಾಕಬೇಕು. ಆ ಒಂದು ಸಾಲಿನಿಂದ ನಮ್ಮ ಅರ್ಧ ಜಗಳ ನಿಂತುಹೋಯಿತು.

ಟರ್ನ್ ಆಡುವ ಕೆಲಸ ದಿನಕ್ಕೊಬ್ಬರು ಸರದಿ ಮೇಲೆ ಮಾಡಿದರೆ ನ್ಯಾಯವಾಗಿರುತ್ತದೆ ಅಲ್ವಾ ಅಂತ ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. ನಾವೂ ಮಾಡಿ ನೋಡಿದೆವು. ಒಬ್ಬರು ಸೈನ್ಯವನ್ನು ಬೆಟ್ಟ ಹತ್ತಿಸುತ್ತಾರೆ, ಮರುದಿನದವರಿಗೆ ಯಾಕೆ ಅಂತ ಗೊತ್ತಾಗದೆ ಇಳಿಸುತ್ತಾರೆ. ಇದು ಆಟದ ಸಮಸ್ಯೆ ಮಾತ್ರ ಅಲ್ಲ. ಕ್ರಿ.ಪೂ. 216ರಲ್ಲಿ ಕಾರ್ಥೇಜ್‌ನ ಸೇನಾಪತಿ ಹ್ಯಾನಿಬಲ್ ಎದುರು ಕ್ಯಾನೆ ಯುದ್ಧಕ್ಕೆ ಹೋದ ರೋಮ್ ಸೈನ್ಯಕ್ಕೆ ಇಬ್ಬರು ಮುಖ್ಯಸ್ಥರು, ಅಂದರೆ ಕಾನ್ಸುಲ್‌ಗಳಿದ್ದರು. ಇಬ್ಬರೂ ದಿನ ಬಿಟ್ಟು ದಿನ ಸೈನ್ಯ ನಡೆಸುತ್ತಿದ್ದರು ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಒಬ್ಬನಿಗೆ ಕಾಯುವ ಮನಸ್ಸು, ಇನ್ನೊಬ್ಬನಿಗೆ ನುಗ್ಗುವ ಮನಸ್ಸು. ನುಗ್ಗುವವನ ದಿನ ಯುದ್ಧವಾಯಿತು, ರೋಮ್ ಕಂಡ ಅತಿ ಕೆಟ್ಟ ಸೋಲುಗಳಲ್ಲಿ ಅದೂ ಒಂದಾಯಿತು. ಸರದಿ ಇರಲಿ, ಆದರೆ ಹತ್ತು ಹದಿನೈದು ಟರ್ನ್‌ನ ಸರದಿ ಇರಲಿ. ಜೊತೆಗೆ ಒಬ್ಬರು ಬದಲಿ ಇರಲಿ. ಅವರ ಹತ್ತಿರ ಪಾಸ್‌ವರ್ಡ್ ಇರಲೇಬೇಕು.

ಈಗ ಮೌನದ ವಿಷಯಕ್ಕೆ ಬರುತ್ತೇನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ತಂಡಗಳು ಯುದ್ಧದಲ್ಲಿ ಸಾಯುವುದಕ್ಕಿಂತ ಮೌನದಲ್ಲಿ ಸಾಯುವುದೇ ಜಾಸ್ತಿ. ಮೊದಲ ವಾರ ಗ್ರೂಪ್‌ನಲ್ಲಿ ದಿನಕ್ಕೆ ಇನ್ನೂರು ಮೆಸೇಜ್. ಎರಡನೇ ತಿಂಗಳಿಗೆ ಹದಿನಾಲ್ಕು ಜನರಲ್ಲಿ ಐದು ಜನ ಮಾತಾಡುತ್ತಾರೆ. ಯಾರಿಗೋ ಪರೀಕ್ಷೆ, ಯಾರಿಗೋ ಮಗು ಹುಟ್ಟಿದೆ, ಯಾರಿಗೋ ಸುಮ್ನೆ ಬೇಜಾರು. ಇದು ಯಾರ ತಪ್ಪೂ ಅಲ್ಲ. ಆದರೆ ಹುದ್ದೆಯಲ್ಲಿದ್ದವರು ಹೇಳದೆ ಕಾಣೆಯಾದರೆ ಆ ಹುದ್ದೆಯ ಕೆಲಸ ನಿಂತುಹೋಗುತ್ತದೆ. ಬೇರೆಯವರಿಗೆ ಕೈ ಹಾಕಲು ಸಂಕೋಚ, ಅವರ ಖಾತೆಗೆ ನಾವು ಹೇಗೆ ಹೋಗುವುದು ಅಂತ.

ಈ ಸಂಕೋಚವನ್ನು ನಿಯಮ ಬರೆದೇ ತೆಗೆಯಬೇಕು. ಡಿಪ್ಲೊಮಸಿ ಅಂತ ಹಳೆಯ ಬೋರ್ಡ್ ಗೇಮ್ ಇದೆ, ಆ್ಯಲನ್ ಕ್ಯಾಲಮರ್ ರೂಪಿಸಿ 1959ರಲ್ಲಿ ಹೊರತಂದದ್ದು. ಏಳು ದೇಶ, ಎಲ್ಲರೂ ಗುಟ್ಟಾಗಿ ಆದೇಶ ಬರೆದು ಒಟ್ಟಿಗೇ ತೆರೆದು ಓದುತ್ತಾರೆ. ಅದರಲ್ಲಿ ಯಾವ ಸೈನ್ಯಕ್ಕೆ ಆದೇಶ ಬರೆದಿಲ್ಲವೋ ಅದು ಇದ್ದಲ್ಲೇ ನಿಲ್ಲುತ್ತದೆ. ಆಟಗಾರ ಬಿಟ್ಟು ಹೋದರೆ ಆ ದೇಶ ಏನಾಗುತ್ತದೆ ಅನ್ನುವುದಕ್ಕೂ ನಿಯಮ ಇದೆ. ಆ ದೇಶ ಅರಾಜಕತೆಗೆ ಬೀಳುತ್ತದೆ, ಸೈನ್ಯ ನಿಂತಲ್ಲೇ ನಿಂತು ತನ್ನ ಜಾಗ ಕಾಯುತ್ತದೆ. ಮನುಷ್ಯರು ಮೇಜು ಬಿಟ್ಟು ಏಳುತ್ತಾರೆ ಅಂತ ಆಟ ಮಾಡಿದವರಿಗೆ ಮೊದಲೇ ಗೊತ್ತಿತ್ತು. ನಮ್ಮ ಸಂವಿಧಾನದಲ್ಲಿ ಸಭಾಧ್ಯಕ್ಷರು ಯಾವ ಬಣ್ಣದ ನಿಲುವಂಗಿ ಹಾಕಬೇಕು ಅಂತ ಇತ್ತು, ಉತ್ತರ ಬರದಿದ್ದರೆ ಏನು ಅನ್ನೋದು ಇರಲಿಲ್ಲ.

ಎರಡನೇ ಆಟದಲ್ಲಿ ಬರೆದೆವು. ಟೈಮರ್‌ನಲ್ಲಿ ಎಂಟು ಗಂಟೆ ಉಳಿದಾಗ ಹುದ್ದೆಯವರ ಆದೇಶ ಬಂದಿಲ್ಲದಿದ್ದರೆ ಬದಲಿಯವರು ಬರೆಯಬಹುದು. ನಾಲ್ಕು ಗಂಟೆ ಉಳಿದಾಗ ಅವರದೂ ಇಲ್ಲದಿದ್ದರೆ ಟರ್ನ್ ಆಡುವವರೇ ನಿರ್ಧರಿಸಬಹುದು. ಸತತ ಮೂರು ಟರ್ನ್ ಸುದ್ದಿ ಇಲ್ಲದಿದ್ದರೆ ಬದಲಿಯವರು ಹುದ್ದೆಗೆ ಬರುತ್ತಾರೆ. ಅದಕ್ಕೆ ಮತದಾನ ಬೇಡ, ಅವಮಾನವೂ ಅಲ್ಲ. ಹಳಬರು ವಾಪಸ್ ಬಂದರೆ ಸಂತೋಷ, ಮುಂದಿನ ಚುನಾವಣೆಗೆ ನಿಲ್ಲಬಹುದು. ಇದನ್ನು ಬರೆಯುವಾಗ ಒಬ್ಬ ಗೆಳೆಯ, "ಇಷ್ಟು ಕಟ್ಟುನಿಟ್ಟು ಬೇಕಾ, ನಾವೆಲ್ಲ ಸ್ನೇಹಿತರಲ್ವಾ" ಅಂದ. ಸ್ನೇಹ ಉಳಿಯಬೇಕಾದರೇ ಇದು ಬೇಕು ಅನ್ನುವುದು ನನ್ನ ಅನುಭವ. ಆರನೇ ವಾರ ಆ ಗೆಳೆಯನೇ ಕಾಣೆಯಾದ. ಅವನ ಬದಲಿ ಸದ್ದಿಲ್ಲದೆ ಕೆಲಸ ಮುಂದುವರಿಸಿದರು. ಅವನು ವಾಪಸ್ ಬಂದಾಗ ಯಾರೂ ಮುಖ ತಿರುಗಿಸಲಿಲ್ಲ.

ಒಂದು ಬಿಲ್ ಕಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಆಟ ನೋಡಿ. ಅದರಲ್ಲಿ ಸಾವಿರಾರು ಆಟಗಾರರ ಒಕ್ಕೂಟಗಳಿವೆ, ಅವಕ್ಕೆ ತಮ್ಮದೇ ಸರ್ಕಾರ, ಖಜಾನೆ, ಸೇನಾಪತಿಗಳು. 2014ರ ಜನವರಿಯಲ್ಲಿ ಒಂದು ಒಕ್ಕೂಟ ತನ್ನ ಮುಖ್ಯ ನೆಲೆ ಇದ್ದ ನಕ್ಷತ್ರಮಂಡಲದ ಒಡೆತನ ಉಳಿಸಿಕೊಳ್ಳಲು ಕಟ್ಟಬೇಕಾದ ಆಟದೊಳಗಿನ ಬಿಲ್ ಸಂದಾಯವಾಗಲಿಲ್ಲ. ಒಡೆತನ ಹೋಯಿತು, ಎದುರಾಳಿಗಳು ನುಗ್ಗಿದರು. 21 ಗಂಟೆ ಯುದ್ಧ ನಡೆಯಿತು, 7,500ಕ್ಕೂ ಹೆಚ್ಚು ಆಟಗಾರರು ಅದರಲ್ಲಿದ್ದರು. ಟೈಟನ್ ಅನ್ನುವ ಅತಿ ದೊಡ್ಡ ಹಡಗುಗಳು 75 ನಾಶವಾದವು. ಅಂಥ ಒಂದು ಹಡಗು ಕಟ್ಟೋಕೇ ತಿಂಗಳುಗಟ್ಟಲೆ ದುಡಿಯಬೇಕು. ಇಷ್ಟಕ್ಕೆಲ್ಲ ಕಿಡಿ ಒಂದು ಬಿಲ್. ನಮ್ಮ ಹದಿನಾಲ್ಕು ಜನರ ತಂಡಕ್ಕೂ ಅಷ್ಟೇ. ದಿನಾ ಆಗಲೇಬೇಕಾದ ಸಣ್ಣ ಕೆಲಸಗಳ ಪಟ್ಟಿ ಗೋಡೆಗೆ ಅಂಟಿಸಿದ ಹಾಗೆ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಬೇಕು.

ಅದೇ ಆಟದ ಇನ್ನೊಂದು ಘಟನೆ ಅಧಿಕಾರದ ಬಗ್ಗೆ. 2009ರಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅನ್ನುವ ಬಲಿಷ್ಠ ಒಕ್ಕೂಟದ ಒಬ್ಬ ನಿರ್ದೇಶಕ ಎದುರಾಳಿಗಳ ಕಡೆ ಹೋದ. ಹೋಗುವಾಗ ಇಡೀ ಒಕ್ಕೂಟವನ್ನೇ ವಿಸರ್ಜಿಸಿಬಿಟ್ಟ. ಅವನ ಹುದ್ದೆಗೆ ಆ ಅಧಿಕಾರ ಇತ್ತು. ಹಾಗಾಗಿ ಯಾವ ಹುದ್ದೆಗೆ ಯಾವ ಬಟನ್ ಅಂತ ಕೇಳಿಕೊಳ್ಳಿ. ಸ್ನೇಹಿತರ ತಂಡದಲ್ಲಿ ದ್ರೋಹಕ್ಕಿಂತ ಅವಸರವೇ ಜಾಸ್ತಿ, ಆದರೆ ನಿಯಮ ಎರಡಕ್ಕೂ ಒಂದೇ. ಯುದ್ಧ ಸಾರುವುದು, ಊರು ಬಿಟ್ಟುಕೊಡುವುದು, ಆಡಳಿತ ಪದ್ಧತಿ ಬದಲಾಯಿಸುವುದು, ಇವನ್ನು ಒಬ್ಬರೇ ಮಾಡುವಂತಿರಬಾರದು. ಊರು ಕಾಯುವುದನ್ನು ಮಾತ್ರ ಯಾರು ಬೇಕಾದರೂ ಮಾಡುವಂತಿರಬೇಕು.

ಮತದಾನದ ಬಗ್ಗೆ ಒಂದು ಚಿಕ್ಕ ಲೆಕ್ಕ. ಮೊದಲ ಆಟದಲ್ಲಿ ಮೂರನೇ ಊರು ಎಲ್ಲಿ ಕಟ್ಟಬೇಕು ಅಂತ ಮತ ಹಾಕಿದೆವು. ಮೂರು ಜಾಗ. ನದಿಯ ಈ ದಡ, ನದಿಯ ಆ ದಡ, ಬೆಟ್ಟದ ಬುಡ. ಹದಿಮೂರು ಜನ ಮತ ಹಾಕಿದರು. ಈ ದಡಕ್ಕೆ ನಾಲ್ಕು, ಆ ದಡಕ್ಕೆ ನಾಲ್ಕು, ಬೆಟ್ಟಕ್ಕೆ ಐದು. ಬೆಟ್ಟ ಗೆದ್ದಿತು. ಹದಿಮೂರರಲ್ಲಿ ಎಂಟು ಜನಕ್ಕೆ ನದಿ ಬೇಕಿತ್ತು! ಬೆಟ್ಟದ ಊರಿಗೆ ಅನ್ನವಿಲ್ಲ, ಐವತ್ತು ಟರ್ನ್ ಅದು ಬೆಳೆಯಲೇ ಇಲ್ಲ. ಎಂಟೂ ಜನ ಅದನ್ನು ನೋಡಿದಾಗಲೆಲ್ಲ ಹಳೆಯ ಗಾಯ ಕೆರೆದುಕೊಂಡರು. ಆಮೇಲಿಂದ ನಾವು ಒಂದೇ ಬದಲಾವಣೆ ಮಾಡಿದೆವು. ನಿಮಗೆ ಒಪ್ಪಿಗೆ ಇರುವ ಎಲ್ಲ ಜಾಗಕ್ಕೂ ಮತ ಹಾಕಿ, ಒಂದಕ್ಕೇ ಹಾಕಬೇಕಿಲ್ಲ. ಹೆಚ್ಚು ಜನ ಒಪ್ಪಿದ್ದು ನಡೆಯಲಿ. ಎಣಿಸುವುದೂ ಸುಲಭ. ಮೂರು ಅಥವಾ ಹೆಚ್ಚು ಆಯ್ಕೆ ಇದ್ದಾಗ ಇದಕ್ಕಿಂತ ಒಳ್ಳೆಯ ಸರಳ ದಾರಿ ನಾನು ಕಂಡಿಲ್ಲ.

ಎಲ್ಲರೂ ಒಪ್ಪಿದರೆ ಮಾತ್ರ ಮುಂದೆ ಹೋಗೋಣ ಅನ್ನುವವರೂ ಇರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹಿಂದೆ ಪೋಲೆಂಡಿನ ಸಂಸತ್ತಿನಲ್ಲಿ ಒಬ್ಬೇ ಒಬ್ಬ ಪ್ರತಿನಿಧಿ "ನಾನು ಒಪ್ಪಲ್ಲ" ಅಂದರೆ ಇಡೀ ಅಧಿವೇಶನ ಮುರಿದುಬೀಳುವ ಪದ್ಧತಿ ಇತ್ತು. 1652ರಲ್ಲಿ ಶುರುವಾದ ಆ ಕಾಟ 1791ರ ಸಂವಿಧಾನದಲ್ಲಿ ತೆಗೆದುಹಾಕುವವರೆಗೂ ಇತ್ತು, ಅಷ್ಟರಲ್ಲಿ ಅಕ್ಕಪಕ್ಕದ ರಾಜ್ಯಗಳು ದೇಶದ ಭಾಗ ಹಂಚಿಕೊಳ್ಳಲು ಶುರು ಮಾಡಿಯಾಗಿತ್ತು. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಹತ್ತೂ ಜನ ಒಪ್ಪಬೇಕು ಅಂದರೆ ಹಾವು ಮನೆ ಸೇರುತ್ತದೆ.

ವಿದೇಶಾಂಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎರಡೇ ಮಾತು. ದೇಶಕ್ಕೆ ಹೊರಗಡೆ ಒಂದೇ ಬಾಯಿ ಇರಬೇಕು. ನಮ್ಮಲ್ಲಿ ಮೂವರು ಮೂರು ತಂಡದವರ ಜೊತೆ ತಮಾಷೆಗೆ ಮಾತಾಡುತ್ತಿದ್ದರು, ಅವರಲ್ಲೊಬ್ಬರು ನಮ್ಮ ತಾಮ್ರದ ಗಣಿ ಎಲ್ಲಿದೆ ಅಂತ ಬಾಯಿಬಿಟ್ಟರು. ಎರಡನೆಯದು, ಒಪ್ಪಂದದಲ್ಲಿ ಟರ್ನ್ ನಂಬರ್ ಇರಲಿ. ಈ ಆಟದಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡರೆ ಹತ್ತು ಟರ್ನ್ ಆಟವೇ ಕಾಯುತ್ತದೆ, ಅದರಾಚೆಗೆ ಆಟಗಾರರು ಮಾಡಿಕೊಳ್ಳುವ ದಾಳಿ ಮಾಡಲ್ಲ ಅನ್ನುವ ಮಾತಿಗೆ ಆಟದ ಕಾವಲಿಲ್ಲ, ಬರೆದ ಮಾತೇ ಕಾವಲು. "ಸದ್ಯಕ್ಕೆ ಯುದ್ಧ ಬೇಡ" ಅಂತ ಬರೆದರೆ ಇಬ್ಬರೂ ಎರಡು ಅರ್ಥ ಮಾಡಿಕೊಳ್ಳುತ್ತಾರೆ. "100ನೇ ಟರ್ನ್ ಮುಗಿಯುವವರೆಗೆ ದಾಳಿ ಇಲ್ಲ, ಆಮೇಲೆ ಹತ್ತು ಟರ್ನ್ ಮುಂಚೆ ತಿಳಿಸಬೇಕು" ಅಂತ ಬರೆದರೆ ಜಗಳಕ್ಕೆ ಜಾಗವಿಲ್ಲ. ಎಲ್ಲ ತಂಡವೂ ಒಂದೇ ಸಮಯದಲ್ಲಿ ಟರ್ನ್ ಆಡುವುದರಿಂದ ಇನ್ನೊಂದು ತೊಂದರೆ ಇದೆ. ಒಂದು ತಂಡ ಟೈಮರ್‌ನ ಕೊನೆಯ ನಿಮಿಷದಲ್ಲಿ ನಡೆದು, ಹೊಸ ಟರ್ನ್‌ನ ಮೊದಲ ನಿಮಿಷದಲ್ಲಿ ಮತ್ತೆ ನಡೆದರೆ ಎದುರಾಳಿಗೆ ನಡುವೆ ಉಸಿರಾಡೋಕೂ ಬಿಡುವಿಲ್ಲ. ಯುದ್ಧಕಾಲದಲ್ಲಿ ಟೈಮರ್‌ನ ಮೊದಲರ್ಧ ಯಾರದು, ಎರಡನೆಯ ಅರ್ಧ ಯಾರದು ಅಂತ ಆಟ ಶುರುವಾಗುವ ಮುಂಚೆಯೇ ಐದೂ ತಂಡ ಒಪ್ಪಿಕೊಂಡಿರಬೇಕು.

ಇಷ್ಟೆಲ್ಲ ನಿಯಮ ಬಂದರೆ ಪಾತ್ರದ ಸೊಗಸು ಎಲ್ಲಿ ಉಳಿಯುತ್ತದೆ ಅಂತ ಕೇಳಬಹುದು. ನನಗೂ ಪಾತ್ರವೇ ಇಷ್ಟ. ರಾಜನ ಆಸ್ಥಾನ, ಊರುಗಳ ಹೆಸರಿನ ಹಿಂದಿನ ಕಥೆ, ವಾರಕ್ಕೊಮ್ಮೆ ಬರುವ ರಾಜ್ಯದ ಸುದ್ದಿಪತ್ರ, ಎರಡು ಪಕ್ಷದವರ ಭಾಷಣ. ಇವಿಲ್ಲದಿದ್ದರೆ ಹದಿನಾಲ್ಕು ಜನ ಯಾಕೆ ಬೇಕು, ಒಬ್ಬರೇ ಆಡಬಹುದಲ್ಲ. 1991ರಲ್ಲಿ ಬಂದ ಮೊಟ್ಟಮೊದಲ ಸಿವಿಲೈಸೇಶನ್‌ನಲ್ಲಿ ಒಬ್ಬನೇ ಆಡುವಾಗಲೂ ಈ ಸೊಗಸು ಸ್ವಲ್ಪ ಇತ್ತು. ಪ್ರಜಾಪ್ರಭುತ್ವಕ್ಕೆ ಬದಲಾದರೆ ಸೆನೆಟ್ ಅನ್ನುವ ಸಭೆ ಅಡ್ಡ ಬಂದು ನಿಮಗೆ ಬೇಡದಿದ್ದರೂ ಶಾಂತಿಗೆ ಒಪ್ಪಿಸುತ್ತಿತ್ತು. ಅಧಿಕಾರಕ್ಕೆ ತಡೆ ಬಿದ್ದಾಗಲೇ ಕಥೆ ಹುಟ್ಟುತ್ತದೆ.

ಆದರೆ ಪಾತ್ರ ಎಲ್ಲಿ ನಿಲ್ಲುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ನಮ್ಮ ರಾಜ ಒಂದು ಸಲ ಯುದ್ಧಮಂತ್ರಿಯನ್ನು ತುಂಬಿದ ಸಭೆಯಲ್ಲಿ "ಹೇಡಿ" ಅಂತ ಕರೆದರು. ರಾಜನ ಪಾತ್ರಕ್ಕೆ ಅದು ಸರಿಯಾಗೇ ಇತ್ತು. ಯುದ್ಧಮಂತ್ರಿ ಆಗಿದ್ದವರಿಗೆ ಅದು ನಿಜವಾಗಿ ತಾಗಿತು, ಏಕೆಂದರೆ ಊರು ಹೋದದ್ದರ ನೋವು ಅವರಿಗೆ ಮೊದಲೇ ಇತ್ತು. ಮರುದಿನ ಅವರು ತಂಡ ಬಿಟ್ಟರು. ಅವರನ್ನು ವಾಪಸ್ ಕರೆಯಲು ನಮಗೆ ಆಗಲಿಲ್ಲ, ಇವತ್ತಿಗೂ ನನಗೆ ಅದು ಊರು ಕಳೆದುಕೊಂಡದ್ದಕ್ಕಿಂತ ದೊಡ್ಡ ನಷ್ಟ. ಆಮೇಲಿಂದ ಎರಡು ಜಾಗ ಬೇರೆ ಮಾಡಿದೆವು. ಒಂದು ಆಸ್ಥಾನ, ಅಲ್ಲಿ ಪಾತ್ರವಾಗಿ ಮಾತ್ರ ಮಾತು, ಬೈದಾಟವೂ ಇರಬಹುದು. ಇನ್ನೊಂದು ಜಗಲಿ, ಅಲ್ಲಿ ನಮ್ಮ ನಿಜವಾದ ಹೆಸರಿನಲ್ಲಿ ಮಾತು. ಆದೇಶ, ಲೆಕ್ಕ, ತಪ್ಪಿನ ವಿಚಾರ ಎಲ್ಲ ಜಗಲಿಯಲ್ಲಿ. ಆಸ್ಥಾನದಲ್ಲಿ ಯಾರನ್ನಾದರೂ ಕಟುವಾಗಿ ಬೈಯುವ ಮುಂಚೆ ಜಗಲಿಯಲ್ಲಿ ಒಂದು ಮಾತು ಕೇಳುವ ರೂಢಿ ತಾನಾಗೇ ಬಂತು. "ನಾಳೆ ಸಭೆಯಲ್ಲಿ ನಿಮ್ಮ ಮೇಲೆ ಹರಿಹಾಯಬೇಕು ಅಂತಿದ್ದೇನೆ, ಪರವಾಗಿಲ್ವಾ?" ಕೇಳಿಸಿಕೊಂಡವರು ಖುಷಿಯಿಂದ ಒಪ್ಪುತ್ತಾರೆ, ಉತ್ತರವನ್ನೂ ಚೆನ್ನಾಗಿ ತಯಾರು ಮಾಡಿಕೊಂಡು ಬರುತ್ತಾರೆ.

ಚುನಾವಣೆಯಲ್ಲಿ ಸೋತವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಗೆದ್ದವರಿಗೆ ಕೆಲಸ ಇರುತ್ತದೆ, ಸೋತವರಿಗೆ ನೋಡುತ್ತ ಕೂರುವುದು ಮಾತ್ರ. ಎರಡು ವಾರದಲ್ಲಿ ಹೊರಟುಹೋಗುತ್ತಾರೆ. ಹಾಗಾಗಿ ವಿರೋಧ ಪಕ್ಷಕ್ಕೆ ಒಂದು ನಿಜವಾದ ಕೆಲಸ ಕೊಡಬೇಕು, ಸಮಾಧಾನದ ಬಹುಮಾನದ ಥರ ಅಲ್ಲ. ನಾವು ಶತ್ರುಗಳ ಲೆಕ್ಕ ಇಡುವ ಕೆಲಸ ಕೊಟ್ಟೆವು. ಪ್ರತಿ ಟರ್ನ್ ಎದುರಾಳಿಗಳ ಅಂಕ ಎಷ್ಟು ಏರಿತು, ಯಾವ ಊರು ಬೆಳೆಯಿತು, ಹೊಸ ವಿದ್ಯೆ ಯಾವುದು ಬಂದಿರಬಹುದು ಅಂತ ಕೂಡಿ ಕಳೆದು ಬರೆಯುವುದು. ಸರ್ಕಾರದ ತಪ್ಪು ಹುಡುಕಲು ಅವರಿಗೆ ಈ ಲೆಕ್ಕ ಬೇಕು, ಸರ್ಕಾರಕ್ಕೆ ಬದುಕಲು ಬೇಕು. ನಮ್ಮ ಎರಡನೇ ಆಟದಲ್ಲಿ ಪಕ್ಕದವರು ಯುದ್ಧಕ್ಕೆ ತಯಾರಾಗುತ್ತಿದ್ದಾರೆ ಅಂತ ಮೊದಲು ಹೇಳಿದ್ದು ವಿರೋಧ ಪಕ್ಷದ ನಾಯಕಿ. ಆ ಲೆಕ್ಕ ತೋರಿಸಿಯೇ ಅವರು ಮುಂದಿನ ಚುನಾವಣೆ ಗೆದ್ದರು.

ಚುನಾವಣೆ ಯಾವಾಗ ಅನ್ನುವುದನ್ನೂ ಕ್ಯಾಲೆಂಡರ್ ನೋಡಿ ಇಡಬೇಡಿ. ತಿಂಗಳಿಗೊಮ್ಮೆ ಅಂತ ನಾವು ಇಟ್ಟಿದ್ದೆವು, ಒಂದು ಸಲ ಯುದ್ಧದ ನಟ್ಟನಡುವೆ ಸರ್ಕಾರ ಬದಲಾಯಿತು, ಹಳೆಯ ಸೇನಾಪತಿಯ ಯೋಜನೆ ಹೊಸಬರಿಗೆ ಗೊತ್ತೇ ಇರಲಿಲ್ಲ. 25 ಟರ್ನ್‌ಗೊಮ್ಮೆ ಅಂತ ಇಡಿ. ಯುದ್ಧ ನಡೆಯುತ್ತಿದ್ದರೆ ಐದು ಟರ್ನ್ ಮುಂದೂಡಬಹುದು, ಒಂದೇ ಸಲ, ಅದಕ್ಕೆ ವಿರೋಧ ಪಕ್ಷದ ಒಪ್ಪಿಗೆಯೂ ಬೇಕು.

ಹುದ್ದೆ ಬಿಡುವವರು ಬರುವವರಿಗೆ ಒಂದು ಪತ್ರ ಬರೆಯಬೇಕು ಅನ್ನುವ ನಿಯಮ ನನಗೆ ತುಂಬ ಇಷ್ಟವಾದದ್ದು. ಪಾತ್ರದ ಧ್ವನಿಯಲ್ಲೇ ಬರೆಯಬಹುದು, ಆದರೆ ಮೂರು ವಿಷಯ ಇರಲೇಬೇಕು. ಈಗ ಏನು ನಡೆಯುತ್ತಿದೆ, ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ನನಗೆ ಯಾವುದರ ಭಯ ಇದೆ. ಪೂರ್ವದ ಪಾಳೇಗಾರರಾಗಿದ್ದವರು ಹುದ್ದೆ ಬಿಡುವಾಗ ಬರೆದ ಪತ್ರ ನನ್ನ ಹತ್ತಿರ ಈಗಲೂ ಇದೆ. ರಸ್ತೆ ಎಲ್ಲಿವರೆಗೆ ಬಂದಿದೆ, ಯಾವ ವರ್ಕರ್ ಎಷ್ಟು ಟರ್ನ್‌ಗೆ ಬಿಡುವಾಗುತ್ತಾನೆ, ಪಕ್ಕದವರ ಕುದುರೆ ಎಲ್ಲಿ ಮೇಯುತ್ತಿದೆ ಎಲ್ಲ ಬರೆದಿದ್ದಾರೆ. ಕೊನೆಯ ಸಾಲು ಹೀಗಿದೆ: "ಬೇಲಿಯಾಚೆ ಕಾಡಿದೆ, ಅಲ್ಲಿ ರಥ ಕಾಣಲ್ಲ. ಈಟಿಗಾರನನ್ನು ಊರು ಬಿಡಿಸಬೇಡಿ, ನಿಮಗೆ ಯಾರು ಹೇಳಿದರೂ."

ಇಂತಿ,
ನಿಮ್ಮ ಪತ್ರಿಕೆಯ ಓದುಗ